ನದಿಗೆ ಒಯ್ದ ಉಡಿ

ನಮ್ಮ ಕಡೆ ದೂರ ನಡೆಯುವುದಕ್ಕೆ ಎರಡೇ ಕಾರಣಗಳನ್ನು ಒಪ್ಪುತ್ತಾರೆ. ಒಂದು ಹರಕೆ, ಇನ್ನೊಂದು ಬಸ್ಸು ತಪ್ಪಿದ್ದು. ಸುಮ್ಮನೆ ನಡೆಯುತ್ತಿದ್ದೇನೆ ಎಂದರೆ ತಲೆ ಕೆಟ್ಟಿದೆ ಎಂದೇ ಅರ್ಥ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ರಾಯಚೂರಿನಲ್ಲೇ ಹುಟ್ಟಿ, ಇಲ್ಲಿನ ಶಾಲೆಯೊಂದರಲ್ಲಿ ವ್ಯಾಯಾಮದ ಟೀಚರಾಗಿ ಸೀಟಿ ಊದಿ ಊದಿ ನಿವೃತ್ತಳಾದವಳು ನಾನು. ಆದರೂ ಸಂಕ್ರಾಂತಿ ಮುಗಿದ ಮೇಲೆ ಒಂದು ಬೆಳಿಗ್ಗೆ, ಹಿಮಾಲಯದ ಚಾರಣಕ್ಕೆಂದು ಹಿಂದೊಮ್ಮೆ ಕೊಂಡಿದ್ದ ನೀಲಿ ಬ್ಯಾಗನ್ನು ಬೆನ್ನಿಗೇರಿಸಿ ಮನೆಗೆ ಬೀಗ ಹಾಕಿದೆ. ಗಬ್ಬೂರು, ದೇವದುರ್ಗ, ಮಾನ್ವಿ, ಕಡೆಗೆ ತುಂಗಭದ್ರೆಯ ದಂಡೆಯ ಚೀಕಲಪರ್ವಿ. ಆರು ದಿನದ ದಾರಿ. ಯಾವ ಗಾಡಿಯನ್ನೂ ಹತ್ತಬಾರದೆಂಬುದು ನನ್ನ ಹಟ. ಅಷ್ಟು ದೂರದ ಹಿಮ ತುಳಿದು ಬಂದ ಕಾಲಿಗೆ ನಮ್ಮದೇ ಜಿಲ್ಲೆಯ ಮಣ್ಣು ಗೊತ್ತಿಲ್ಲವೆಂದರೆ ನಾಚಿಕೆಗೇಡು ಅನ್ನಿಸಿತ್ತು, ಅಷ್ಟೇ.

ಊರು ದಾಟುವುದರೊಳಗೆ ಮೂರು ಬೈಕು, ಒಂದು ಆಟೊ ನಿಂತವು. ಬೇಡವೆಂದರೆ ಅವರಿಗೆ ಸಿಟ್ಟು. ಮುಂದೆ ಹತ್ತಿ ಬಿಡಿಸುತ್ತಿದ್ದ ಹೆಂಗಸರು ಹೊಲದಿಂದಲೇ ಕೂಗಿದರು.

"ಸೀರಿ ಮಾರಾಕ ಬಂದೀ ಏನ್ ಬೇ? ಗಂಟು ಇಳಸು, ನೋಡೂನು."

"ಸೀರಿ ಇಲ್ಲವ್ವ. ಸುಮ್ನೆ ನಡ್ಯಾಕತ್ತೀನಿ."

"ಮನ್ಯಾಗ ಜಗಳಾಡಿ ಬಂದಿಯೇನು?"

"ಮನ್ಯಾಗ ನಾ ಒಬ್ಬಾಕೀನ ಇರ್ತೀನಿ."

"ಹಂಗಾದ್ರ ನಿನ್ನ ಕೂಡ ನೀನ ಜಗಳಾಡಿ ಬಂದೀ ಬಿಡು!"

ಹೊಲಕ್ಕೆ ಹೊಲವೇ ನಕ್ಕಿತು. ನನಗೆ ಮೈ ಉರಿಯಿತು, ಮಾತು ಅರ್ಧ ನಿಜವಾಗಿತ್ತಲ್ಲ. ಅದಕ್ಕೇ ಸಂಜೆ ಚಹಾದಂಗಡಿಯವನು ಅದೇ ಪ್ರಶ್ನೆ ಕೇಳಿದಾಗ, "ಹರಕಿ ಅದ" ಎಂದುಬಿಟ್ಟೆ. ಅವನು ಕೈಮುಗಿದು, ಬೆಂಚು ಒರೆಸಿ, ಕೇಳದೆಯೇ ಎರಡನೇ ಕಪ್ ಕೊಟ್ಟ. ಆಮೇಲೆ ಯಾರೂ ಏನೂ ಕೇಳಲಿಲ್ಲ. ಒಂದು ಸುಳ್ಳಿಗೆ ಇಷ್ಟು ನೆಮ್ಮದಿ ಸಿಗುವುದಾದರೆ ಇರಲಿ ಎಂದುಕೊಂಡೆ.

ಮರುದಿನ ಗಬ್ಬೂರಿನ ಅಂಚಿನ ಮನೆಯೊಂದರ ಮುಂದೆ ನೀರಿಗೆ ನಿಂತೆ. ಕಟ್ಟೆಯ ಮೇಲೆ ನನಗಿಂತ ಐದಾರು ವರ್ಷ ದೊಡ್ಡ ಹೆಂಗಸೊಬ್ಬಳು ಎರಡೂ ಕಾಲು ಚಾಚಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ನೀರು ತಂದವಳು ಅವಳ ಮಗಳು, ತುಂಬಿದ ಬಸುರಿ. ಎಲ್ಲಿಗೆ ಎಂದು ಕೇಳಿದರು. "ಚೀಕಲಪರ್ವಿಗಿ. ಹರಕಿ ಅದ" ಎಂದೆ, ಎರಡನೇ ಸಲಕ್ಕೆ ಸುಳ್ಳು ಸಲೀಸಾಗಿತ್ತು.

ತಾಯಿಯ ಕೈ ನಿಂತಿತು. ಚೀಕಲಪರ್ವಿ ಅವಳ ತವರೂರಂತೆ. ಐದು ವರ್ಷದ ಹಿಂದೆ ಈ ಮಗಳ ಮೊದಲ ಹೆರಿಗೆಯಲ್ಲಿ ಕೂಸು ಉಳಿಯಲಿಲ್ಲ, ಮಗಳ ಜೀವವೂ ಹೋಗಿ ಬಂದಂತಾಗಿತ್ತು. ಆಗ ಇವಳು ತವರಿನ ಹೊಳೆಗೆ ಹರಕೆ ಹೊತ್ತಿದ್ದಳು: ಮಗಳು ಉಳಿದರೆ ಕಾಲ್ನಡಿಗೆಯಲ್ಲಿ ಬಂದು ನಿನ್ನ ಉಡಿ ತುಂಬುತ್ತೇನೆ, ಗಂಗವ್ವ. ಮಗಳು ಉಳಿದಳು. ಆದರೆ ಅದೇ ವರ್ಷ ಇವಳ ಮಂಡಿಗಳು ಹೋದವು.

"ಬಸ್ಸಿನ್ಯಾಗ ಹೋಗಿ ಬರಬೋದಿತ್ತಲ್ಲ" ಎಂದೆ.

"ನಡದು ಬರ್ತೀನಿ ಅಂದೀನಿ ಬೇ. ಮುಂದಿನ ತಿಂಗಳ ಹೆರಿಗಿ ಅದ. ನಾ ಮರ್ತಂಗ ಮಾಡಿದ್ರೂ ಗಂಗವ್ವ ಮರೀತಾಳೇನು?"

ಕೈಯೂರಿ ಎದ್ದು ಒಳಗೆ ಹೋದಳು. ತೆಂಗಿನಕಾಯಿ, ಹಸಿರು ಕುಬುಸದ ಕಣ, ಒಂದು ಡಜನ್ ಹಸಿರು ಬಳೆ, ಅರಿಶಿನ ಕುಂಕುಮ, ಐದು ಹಿಡಿ ಅಕ್ಕಿ. ಎಲ್ಲವನ್ನೂ ಅರಿವೆಯಲ್ಲಿ ಉಡಿಗಂಟಾಗಿ ಕಟ್ಟಿ ತಂದಳು. ನಿಜ ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಬಾಯಿಯನ್ನೂ ತೆರೆದೆ. ಮಗಳು ಹೊಟ್ಟೆಯ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದಳು. ಗಂಟಿಗೆ ಕೈಯೊಡ್ಡಿದೆ.

"ನೀ ನನ್ನ ತಂಗಿ ಅನ್ಕೋತೀನಿ. ನನ್ನ ಬದಲಿ ಇದನ್ನ ಹೊಳಿಗಿ ಮುಟ್ಟಸು. ಗಾಡಿ ಹತ್ತಬ್ಯಾಡ. ಉಡಿ ನೆಲಕ್ಕ ಇಡಬ್ಯಾಡ. ನನ್ನ ಮಗಳ ಜೀವ ಅದ ಅದರಾಗ."

ಅಲ್ಲಿಂದ ನನ್ನ ದಿನಚರಿಯೇ ಬದಲಾಯಿತು. ಮೊದಲಾದರೆ ನಸುಕಿಗೆ ಎದ್ದು, ಬೆರಳುಗಳ ಸಂದಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಒಣಗದ ಕಾಲುಚೀಲವನ್ನು ಬ್ಯಾಗಿಗೆ ಪಿನ್ನು ಹಾಕಿ ಹೊರಟರೆ ಆಯಿತು. ದಣಿದಲ್ಲಿ ಬ್ಯಾಗು ಎಸೆದು ಕೂರುತ್ತಿದ್ದೆ. ಈಗ ಕೂರುವ ಮೊದಲು ಬ್ಯಾಗಿಗೆ ಒಂದು ಕೊಂಬೆ ಹುಡುಕಬೇಕು. ನಮ್ಮ ಸೀಮೆಯಲ್ಲಿ ನೆರಳೇ ಅಪರೂಪ, ಕೈಗೆಟುಕುವ ಕೊಂಬೆ ಎಲ್ಲಿಂದ ತರಲಿ? ಬೇವಿನ ಮರ ಸಿಕ್ಕರೆ ಹಬ್ಬ. ಇಲ್ಲದಿದ್ದರೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡೇ ರೊಟ್ಟಿ, ಶೇಂಗಾ ಚಟ್ನಿ ತಿಂದೆ. ದೇವದುರ್ಗದಲ್ಲಿ ಪರಿಚಯದ ಟೀಚರೊಬ್ಬಳು ಶಾಲೆಯ ಕೋಣೆ ತೆಗೆಸಿಕೊಟ್ಟಿದ್ದಳು. ಅಲ್ಲಿ ಅದನ್ನು ಕಿಟಕಿಯ ಸರಳಿಗೆ ನೇತುಹಾಕಿದೆ. ಹೆಜ್ಜೆ ಹೆಜ್ಜೆಗೂ ಬಳೆಗಳು ಬೆನ್ನ ಹಿಂದೆ ಕಿಣಿಕಿಣಿ ಎನ್ನುತ್ತಿದ್ದವು. ಬಳೆ ತೊಟ್ಟ ಯಾರೋ ಹಿಂದೆಯೇ ಬರುತ್ತಿದ್ದಾರೆ ಎಂದು ಎರಡು ಸಲ ತಿರುಗಿ ನೋಡಿದ್ದೂ ಉಂಟು. ದೇವರನ್ನು ಅಷ್ಟಾಗಿ ನಂಬದ ನಾನು ಯಾರದೋ ದೇವರನ್ನು ಹೊತ್ತು ತಿರುಗುತ್ತಿದ್ದೇನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಐದು ವರ್ಷದ ಹರಕೆ, ನಾನೊಬ್ಬಳು ಮೈಗಳ್ಳತನ ಮಾಡಿದರೆ ಮುಗಿಯಿತು.

ದೇವದುರ್ಗ ಬಿಟ್ಟ ಮೇಲೆ ಎರಡು ದಿನ ಜೋಳದ ಹೊಲ, ಕರಿನೆಲ. ದಾರಿ ಕೇಳಿದವರೆಲ್ಲ "ಇಲ್ಲೇ ಅದ್ರಿ" ಎಂದರು. ಆ "ಇಲ್ಲೇ" ತಲುಪುವಷ್ಟರಲ್ಲಿ ಬಿಸಿಲು ಇಳಿದಿರುತ್ತಿತ್ತು. ಮಾನ್ವಿ ಹತ್ತಿರವಾದಂತೆ ಕಾಲುವೆ, ಗದ್ದೆಯ ಹಸಿರು, ರೈಸ್ ಮಿಲ್ಲಿನ ಹೊಗೆ. ನಡೆಯುವವಳಿಗೆ ಮಣ್ಣಿನ ವಾಸನೆಯೇ ಬದಲಾದದ್ದು ತಿಳಿಯುತ್ತದೆ. ಅದು ಬಸ್ಸಿನಲ್ಲಿ ನನಗೆ ಎಂದೂ ತಿಳಿದಿರಲಿಲ್ಲ.

ಆರನೆಯ ದಿನ ಮಾನ್ವಿ ದಾಟಿದ ಮೇಲೆ ಎಡ ಹಿಮ್ಮಡಿಯ ಬೊಬ್ಬೆ ಒಡೆಯಿತು. ಕುಂಟುತ್ತಿದ್ದವಳ ಪಕ್ಕ ಕಾರೊಂದು ನಿಂತಿತು. ಹಣೆಗೆ ವಿಭೂತಿ ಹಚ್ಚಿದ ರೈಸ್ ಮಿಲ್ಲಿನ ಸಾಹುಕಾರರು.

"ಯಾಕ್ರೀ ಅಕ್ಕಾರ, ಕುಂಟಾಕತ್ತೀರಲ್ಲ? ಬರ್ರಿ, ಕೂಡ್ರಿ. ಚೀಕಲಪರ್ವಿ ಮ್ಯಾಲೇ ಹೊಂಟೀನಿ."

ನಾನು ಹತ್ತಿದೆ. ಮುಚ್ಚಿಡುವುದೇಕೆ, ಹತ್ತಿ ಕೂತೆ. ನೋಡುವವರು ಯಾರಿದ್ದರು? ಬ್ಯಾಗು ತೊಡೆಯ ಮೇಲಿತ್ತು. ಒಂದು ಫರ್ಲಾಂಗು ಹೋಗಿರಬೇಕು, ರಸ್ತೆಯ ಉಬ್ಬಿನ ಮೇಲೆ ಕಾರು ಕುಪ್ಪಳಿಸಿತು. ಬಳೆಗಳು ಕಿಣಿ ಎಂದವು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದ ಆ ಹುಡುಗಿಯ ಮುಖ ಕಣ್ಣಿಗೆ ಕಟ್ಟಿತು.

"ನಿಲ್ಲಸ್ರಿ. ವಾಪಸ್ ಹತ್ತಿಸಿಕೊಂಡ ಜಾಗಕ್ಕೇ ಬಿಡ್ರಿ. ನಾ ನಡದೇ ಬರಬೇಕು, ಹರಕಿ ಅದ."

ಅವರು ಕಾರು ತಿರುಗಿಸಿದರು. ಅದೇ ಮೈಲಿಗಲ್ಲಿನ ಬಳಿ ಇಳಿಸಿ, "ತಪ್ಪಾತು ಅಕ್ಕಾರ" ಎಂದು ತಾವೇ ಕೈಮುಗಿದರು. ಹರಕಿ ಅದ ಎಂದು ಆರು ದಿನದಿಂದ ಹೇಳುತ್ತಿದ್ದವಳು, ಸುಳ್ಳಲ್ಲದೆ ಹೇಳಿದ್ದು ಆವತ್ತೊಂದೇ ಸಲ.

ಮಧ್ಯಾಹ್ನ ಇಳಿಹೊತ್ತಿಗೆ ಹೊಳೆ ಕಂಡಿತು. ನೀರು ಕಡಿಮೆ, ಬಂಡೆ ಜಾಸ್ತಿ. ಮಂತ್ರ ನನಗೆ ಬರುವುದಿಲ್ಲ. ಗಬ್ಬೂರಿನಲ್ಲಿ ಇಂಥ ಮನೆ, ಇಂಥ ಕಟ್ಟೆ, ಇಂಥ ಮಗಳು ಎಂದು ಅಂಚೆಯವನಿಗೆ ವಿಳಾಸ ಹೇಳುವಂತೆ ಹೊಳೆಗೆ ಹೇಳಿದೆ. ಬಳೆ, ಕಣ, ಅಕ್ಕಿ ನೀರಿಗೆ ಬಿಟ್ಟೆ. ಕಾಯಿ ಒಡೆದು ಒಂದು ಹೋಳು ಉಳಿಸಿಕೊಂಡೆ. ಬಂಡೆಯ ಮೇಲೆ ಕೂತು ಅತ್ತೆ. ಖಾಲಿ ಬ್ಯಾಗು ನೆಲದ ಮೇಲೆ ಬಿದ್ದಿತ್ತು.

ಹೆರಿಗೆ ಮುಂದಿನ ತಿಂಗಳು ಸುಸೂತ್ರವಾಗಿ ಆಯಿತು. ಅದು ನನ್ನ ಕಾಲಿನ ಪುಣ್ಯವೆಂದು ಕೊಚ್ಚಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ನಾನು ಹೆದರಿದ್ದು ಹೆರಿಗೆಗೂ ಮೊದಲು, ಆ ತಾಯಿಯ ಮುಂದೆ ನಿಜ ಹೇಳಬೇಕಾದಾಗ. ಹೊಳೆಯಿಂದ ಬಂದ ಮರುದಿನವೇ ಬಸ್ಸಿನಲ್ಲಿ ಗಬ್ಬೂರಿಗೆ ಹೋಗಿ, ಅದೇ ಕಟ್ಟೆಯ ಮುಂದೆ ಬೂಟು ಬಿಚ್ಚಿದೆ. ಮಗಳು ಕಾಲಿಗೆ ನೀರು ತಂದಳು. ಕಾಯಿಯ ಹೋಳನ್ನು ತಾಯಿಯ ಕೈಗಿಟ್ಟು, ಧೈರ್ಯ ಹೋಗುವುದರೊಳಗೆ ಎಲ್ಲ ಹೇಳಿಬಿಟ್ಟೆ.

"ಒಂದು ಫರ್ಲಾಂಗು ಕಾರ್ ಹತ್ತಿದ್ದೆ."

"ಹೊಳ್ಳಿ ಬಂದ್ಯೋ ಇಲ್ಲೋ?"

"ಬಂದೆ."

"ಮತ್ತೇನು? ಮುಗೀತಲ್ಲ."

"ಅಷ್ಟೇ ಅಲ್ಲ. ನನಗ ಯಾವ ಹರಕಿನೂ ಇರಲಿಲ್ಲ. ಸುಮ್ನೆ ನಡ್ಯಾಕತ್ತಿದ್ದೆ. ನಿಮಗ ಸುಳ್ಳು ಹೇಳಿದೆ."

ಅವಳು ಸಿಟ್ಟಾಗಲಿಲ್ಲ. ಕಟ್ಟೆಯ ಕೆಳಗಿದ್ದ ನನ್ನ ದಪ್ಪ ಬೂಟುಗಳ ಕಡೆ ಗದ್ದ ತಿರುಗಿಸಿ ನಕ್ಕಳು.

"ಹರಕಿ ಹೊತ್ತಾಕಿ ಬರಿಗಾಲಿಲೆ ಹೋಗ್ತಾಳ. ಇಂಥಾ ಬೂಟು ಹಾಕ್ಕೊಂಡು ಹೋಗ್ತಾಳೇನ್ ಬೇ? ನನಗ ಅವತ್ತ ಗೊತ್ತಾತು."

"ಗೊತ್ತಿದ್ದೂ ಯಾಕ ಕೊಟ್ಟಿರಿ?"

"ಹರಕಿ ಹೊತ್ತವರ ಕಾಲು ಅವರ ಹರಕಿಗೇ ಆಗ್ತಾವ. ನಿನ್ನ ಕಾಲು ಖಾಲಿ ಇದ್ವು. ಅದಕ್ಕ ಕೊಟ್ಟೆ."

ಮಗಳು ಕಾಯಿ ಹೆಚ್ಚಿ, ಮೊದಲ ಚೂರನ್ನು ನನ್ನ ಕೈಗೇ ಹಾಕಿದಳು.