ಕೆಂಪು, ನೀಲಿ ಮತ್ತು ಡಾಕ್ಟರಮ್ಮ

ಶಿವಮೊಗ್ಗದ ಸ್ಕ್ಯಾನಿಂಗ್ ಸೆಂಟರಿನ ಆ ಡಾಕ್ಟರಮ್ಮ ತಣ್ಣನೆಯ ಜೆಲ್ ಬಾಟಲಿಯನ್ನು ಮೊದಲು ಅಂಗೈಗಳ ನಡುವೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಯಾರು ಏನೇ ಕೇಳಿದರೂ ಅವರದು ಒಂದೇ ಮಾತು: "ನಾನೇನೂ ಹೇಳಲ್ಲ, ನಿಮ್ಮ ಡಾಕ್ಟ್ರು ಹೇಳ್ತಾರೆ."

ಅಪ್ಪನ ಕಾಲಿನಲ್ಲಿ ರಕ್ತ ಸರಿಯಾಗಿ ಓಡುತ್ತಿದೆಯೇ ಎಂದು ನೋಡಿಸಲು ಜನ್ನಾಪುರದಿಂದ ಕರೆತಂದಿದ್ದೆ. ಓಡದಿದ್ದರೆ ಪಾದ ಉಳಿಯುವುದು ಕಷ್ಟ ಎಂದಿದ್ದರು ನಮ್ಮ ಡಾಕ್ಟರು. ಭದ್ರಾವತಿಯ ಕಾರ್ಖಾನೆಯಲ್ಲಿ ಫರ್ನೇಸಿನ ಬಣ್ಣ ನೋಡಿಯೇ ಕಾವು ಹೇಳುತ್ತಿದ್ದ ಅಪ್ಪ, ಪರದೆಯ ಮೇಲೆ ಕೆಂಪಿನ ಪಕ್ಕ ನೀಲಿ ಕಂಡದ್ದೇ ಬೆವೆತರು.

"ನೀಲಿ ಬಂತಲ್ಲಮ್ಮಾ, ಅಲ್ಲಿ ತಣ್ಣಗಾಗಿಬಿಡ್ತಾ?"

"ಅದು ಕಾವಿನ ಲೆಕ್ಕ ಅಲ್ಲ ಯಜಮಾನ್ರೇ. ರಕ್ತ ನನ್ನ ಕೈಲಿರೋ ಈ ಪ್ರೋಬ್ ಕಡೆ ಬಂದ್ರೆ ಕೆಂಪು, ದೂರ ಹೋದ್ರೆ ನೀಲಿ."

ಅವರು ಪ್ರೋಬನ್ನು ಇನ್ನೊಂದು ಕಡೆ ವಾಲಿಸಿದರು. ನೀಲಿ ಇದ್ದದ್ದು ಕೆಂಪಾಯಿತು.

ಅಪ್ಪ ಕತ್ತೆತ್ತಿ, "ಇನ್ನೊಂದ್ಸಲ ಮಾಡಿ" ಎಂದರು. ಅವರು ನಗುತ್ತ ಮತ್ತೆ ಮಾಡಿದರು.

"ಮೇಡಂ, ಪಾದ ಉಳಿಯುತ್ತಾ?" ಎಂದು ತಡೆಯಲಾರದೆ ಕೇಳಿದೆ.

"ನಾನೇನೂ ಹೇಳಲ್ಲ" ಎಂದವರು ಪ್ರೋಬನ್ನು ಪಾದದ ಮೇಲಿಟ್ಟು, ಯಂತ್ರದ ಗುಂಡಿ ತಿರುಗಿಸಿ ಸದ್ದು ಜೋರು ಮಾಡಿದರು. ಕೋಣೆಯ ತುಂಬ ಅಪ್ಪನ ರಕ್ತ ಓಡತೊಡಗಿತು: ಹುಶ್, ಹುಶ್, ಹುಶ್.