ನನ್ನ ರುಮಾಲಿನ ಮ್ಯಾಲೆ ಕುಂತ ಹುಳ

ಗೆಳೆಯರೇ, ಕಿತ್ತೂರಿನಿಂದ ರಾಮದುರ್ಗದ ತನಕ ನೂರೆಂಟು ನಮೂನಿ ಪಾತರಗಿತ್ತಿ ಅದಾವ, ಎಲ್ಲಾ ನನ್ನ ಕೇಳಿಯೇ ರೆಕ್ಕಿ ಬಡೀತಾವ. ಇವತ್ತು ದೊಡವಾಡದ ಕಟ್ಟಿ ಮ್ಯಾಲೆ ಬಣ್ಣದ ಹುಳವೊಂದು ಹಾರಿ ಬಂದು ನನ್ನ ರುಮಾಲಿನ ಮ್ಯಾಲೇ ಕುಂತಿತು.

"ಹಗಲು ಹಾರತೈತಿ, ಬಣ್ಣ ಐತಿ, ಪಾತರಗಿತ್ತೀನ!" ಅಂತ ಪಣ ಕಟ್ಟಿದೆ.

"ಹಗಲು ಹಾರೋ ಪತಂಗಾನೂ ಅದಾವ, ಕಾಕಾ," ಅಂದರು ಸಾಲಿ ಮಾಸ್ತರು. "ರೆಕ್ಕಿ ಮ್ಯಾಲಕ್ಕ ಮಡಚಿದರ ನೀವು ಗೆದ್ರಿ, ಚಪ್ಪಟಿ ಹರವಿದರ ನಾ ಗೆದ್ದೆ. ಅಳ್ಳಾಡಬ್ಯಾಡ್ರಿ!"

ಎಣ್ಣಿ ತರಾಕ ಮನಿಯಾಕಿ ಕೊಟ್ಟ ರೊಕ್ಕ ಮುಷ್ಟಿಯೊಳಗ ಬೆವರಿತು. ಉಸಿರು ಬಿಗಿಹಿಡಿದೆ. ನನಗೊಬ್ಬನಿಗೇ ಹುಳ ಕಾಣವಲ್ಲದು. ಉಳಿದವರೆಲ್ಲಾ ನನ್ನ ತಲೀನ ನೋಡಾಕ ಹತ್ತಿದ್ರು.

"ರೆಕ್ಕಿ ಹರವೇತಲೇ! ಹುಳದ ಮೀಸೀನೂ ಗರಿ ಇದ್ದಂಗ ಐತಿ, ಪತಂಗಾನ!" ಅಂತ ಕುಂಬಾರ ಅಜ್ಜ ಕೂಗಿದ.

ಎಣ್ಣಿ ತುಟ್ಟಿ ಆಗೇತಿ ಅಂತ ಮನಿಯೊಳಗ ಹೇಳೇನಿ. ಖರೆ ಅಂದರ, ಪಣದಾಗ ಹೋದದ್ದು ಪೂರಾ ಎರಡು ರೂಪಾಯಿ.