ದೈಜೋಬು ಅನ್ನಬೇಡಿ

ಮೈಸೂರಿನ ವಿಜಯಾ ಟೋಕಿಯೊಗೆ ಬಂದು ಹದಿನಾಲ್ಕು ವರ್ಷ. ಗಂಡನಿಗೆ ಸಾಫ್ಟ್‌ವೇರ್ ಕೆಲಸ. ಇವಳಿಗೆ ಮನೆ, ಮಗಳು ನಿಧಿಯ ಡಬ್ಬಿ, ಜೊತೆಗೆ ಹತ್ತು ತಿಂಗಳಿಂದ ಮಂಗಳವಾರದ ಈ ಉಸಾಬರಿ. ಪಕ್ಕದ ಮನೆಯ ಮೊರಿತಾ-ಸಾನ್, ವೀಸಾ ಮುಗಿದು ಬಂಧನದಲ್ಲಿರುವ ಪರದೇಶಿಗಳನ್ನು ವಾರವಾರ ಹೋಗಿ ಮಾತಾಡಿಸುವ ಹೆಂಗಸು. ನಿಮ್ಮ ಭಾಷೆಯವನೊಬ್ಬ ಇದ್ದಾನೆ ಬನ್ನಿ ಎಂದು ಎಳೆದೊಯ್ದವಳು ಅವಳೇ.

ಅವನು ಶಂಕರ, ಹಾಸನದ ಕಡೆಯ ಅಡಿಗೆಯವನು. ಹೋಟೆಲಿನ ಮಾಲೀಕ ಬಾಗಿಲು ಹಾಕಿ ಪರಾರಿಯಾದ, ಇವನ ವೀಸಾ ಮುಗಿಯಿತು. ಮಾಡಿದ ಅಪರಾಧ ಇಷ್ಟೇ.

ಮೊದಲ ಭೇಟಿಯಲ್ಲೇ ವಿಜಯಾ ಬುದ್ಧಿ ಹೇಳಿದ್ದಳು: "ಅವ್ರು ಏನೇ ಕೇಳ್ಲಿ, ನಗ್ತಾ ದೈಜೋಬು ಅನ್ನಿ. ಪರವಾಗಿಲ್ಲ ಅಂತ. ಅಡ್ಜಸ್ಟ್ ಮಾಡ್ಕೊಂಡ್ರೆ ಇಲ್ಲಿ ಲೈಫ್ ಈಸಿ." ಯೂನಿಫಾರ್ಮ್ ಕಂಡರೆ ಕೈಕಟ್ಟಿ 'ಪರವಾಗಿಲ್ಲ ಸಾರ್' ಅನ್ನುವುದು ನಮ್ಮವರ ಜಾಯಮಾನ. ಅದಕ್ಕೊಂದು ಜಪಾನಿ ಪದ ಬೇಕಿತ್ತು, ಇವಳು ಕೊಟ್ಟಳು.

ಈಗ ಮೂರು ವಾರದಿಂದ ಅವನಿಗೆ ಹೊಟ್ಟೆನೋವು. ತಿಂದದ್ದು ನಿಲ್ಲುವುದಿಲ್ಲ. ಭೇಟಿಕೋಣೆಯ ಗಾಜಿನಾಚೆ ಅವನ ಮೈಮೇಲಿನ ಅಂಗಿ ಗೂಟಕ್ಕೆ ನೇತುಹಾಕಿದ ಹಾಗಿತ್ತು. ಡಾಕ್ಟರಿಗೆ ತೋರಿಸಿ ಎಂದು ಮೊರಿತಾ-ಸಾನ್ ಕೊಟ್ಟ ಅರ್ಜಿ ವಾಪಸ್ಸು ಬಂದಿತ್ತು. ದಿನಾ ಬೆಳಿಗ್ಗೆ ಆರೋಗ್ಯ ವಿಚಾರಿಸಿದಾಗ ದೈಜೋಬು ಎಂದು ಆತನೇ ಹೇಳಿದ್ದಾನೆ, ಇಪ್ಪತ್ತೊಂದು ದಿನವೂ ದಾಖಲಾಗಿದೆ ಎಂದು ಷರಾ.

ವಿಜಯಾಳ ಜೀವ ಹಿಡಿಯಷ್ಟಾಯಿತು. ಕೂಡಿಹಾಕಿದವರು ಯಾರೋ, ಬಾಯಿ ಕಟ್ಟಿದವಳು ತಾನು!

"ನೋವಿದೆ ಅಂತ ಅವ್ರಿಗೆ ಯಾಕ್ರೀ ಹೇಳ್ಲಿಲ್ಲ?"

"ಅಷ್ಟು ಮರ್ಯಾದೆಯಿಂದ ಕೇಳ್ತಾರಲ್ಲಕ್ಕಾ. ಕಂಪ್ಲೇಂಟ್ ಮಾಡ್ದಂಗಾಗುತ್ತೆ."

"ಮಾಡ್ರೀ! ಡಾಕ್ಟರನ್ನ ಕೇಳೋದು ನಿಮ್ಮ ಹಕ್ಕು, ಭಿಕ್ಷೆ ಅಲ್ಲ. ನೋವು ಅನ್ನೋಕೆ ಇತಾಯ್ ಅಂತಾರೆ. ಹೇಳಿ."

"ಇತಾಯ್," ಎಂದ, ತಪ್ಪು ಒಪ್ಪಿಕೊಂಡವನ ಹಾಗೆ.

"ಜೋರಾಗಿ!"

ಅಷ್ಟರಲ್ಲಿ ಭೇಟಿಯ ಹೊತ್ತು ಮುಗಿದು ಅಧಿಕಾರಿ ಅವನ ಬದಿಯ ಬಾಗಿಲು ತೆರೆದ. ಎಂದಿನ ವಿನಯದಲ್ಲೇ, "ಶಂಕರ-ಸಾನ್, ದೈಜೋಬು?" ಎಂದ. ಶಂಕರನ ಮುಖದ ಮೇಲೆ ಆ ಹಾಳು ನಗು ಆಗಲೇ ಮೂಡುತ್ತಿತ್ತು. ಅವನು ವಿಜಯಾಳ ಕಡೆ ನೋಡಿದ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ.

"ಇತಾಯ್." ಆಮೇಲೆ ಕೋಣೆಯೆಲ್ಲ ಕೇಳುವಂತೆ, "ಇತಾಯ್!"

ಅಧಿಕಾರಿ ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡ.

ಕಣ್ಣೊರೆಸಿಕೊಂಡು ಹೊರಬಂದ ವಿಜಯಾಳನ್ನು ಕೌಂಟರಿನಾಕೆ ನೋಡಿ ಎದ್ದುನಿಂತು, ಆರಾಮಾಗಿದ್ದೀರಾ ಎಂದು ವಿಚಾರಿಸಿದಳು. "ದೈಜೋಬು ದೆಸ್ಕಾ?"

ಹದಿನಾಲ್ಕು ವರ್ಷದ ಅಭ್ಯಾಸ, ತುಟಿ ತಾನಾಗಿ ನಕ್ಕೇಬಿಟ್ಟಿತು. ವಿಜಯಾ ಅದನ್ನು ಬಿಗಿಹಿಡಿದಳು. ಇಲ್ಲ, ದೈಜೋಬು ಅಲ್ಲ, ಎಂದಳು ಜಪಾನಿಯಲ್ಲೇ. ಡಾಕ್ಟರು ಶಂಕರ ಅವರನ್ನು ಯಾವತ್ತು ನೋಡುತ್ತಾರೆ ಎಂದು ಬರೆದುಕೊಡಿ, ಅಲ್ಲಿಯವರೆಗೆ ಇಲ್ಲೇ ಇರುತ್ತೇನೆ, ಎಂದು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಳು.